ಹಳೆಯ ಫೈಬರ್ ಮೀನುದೋಣಿಯನ್ನು ಮನೆಯಲ್ಲೇ ಗಟ್ಟಿ ಮಾಡುವುದು: ಕಲಬುರಗಿ ಬಿಸಿಲಿಗೆ ಹೊಂದುವ ಸಮಗ್ರ ಮಾರ್ಗದರ್ಶಿ

ಹಳೆಯ ಫೈಬರ್ ದೋಣಿ ತಂದವರು ಮೊದಲು ವಿಚಾರಿಸುವುದು ಬಣ್ಣದ ಬಗ್ಗೆ: ಯಾವ ಕಂಪನಿಯದು, ಎಷ್ಟು ಲೀಟರ್ ಬೇಕು, ಸ್ಪ್ರೇ ಹೊಡೆಯಬೇಕೋ ಬ್ರಶ್ ಸಾಕೋ. ಬಣ್ಣ ಕಟ್ಟಕಡೆಯ ಕೆಲಸ, ಇದ್ದುದರಲ್ಲಿ ಸುಲಭದ್ದೂ ಹೌದು. ವರ್ಷಗಟ್ಟಲೆ ಬಿದ್ದ ದೋಣಿಯನ್ನು ಹಾಳು ಮಾಡಿರುವುದು ಒಳಗೆ ಕೂತ ನೀರು. ಫೈಬರ್ ಕೊಳೆಯುವುದಿಲ್ಲ. ಬಿಗಿ ಬರಲೆಂದು ಎರಡು ಫೈಬರ್ ಪದರಗಳ ನಡುವೆ ಸೇರಿಸಿದ ಪ್ಲೈವುಡ್ ಕೊಳೆಯುತ್ತದೆ, ಹೊರಗಿನಿಂದ ಅದು ಕಾಣುವುದೂ ಇಲ್ಲ. ಆ ಕೊಳೆತದ್ದನ್ನು ಹುಡುಕಿ ಕಿತ್ತು, ಉಳಿದದ್ದನ್ನು ಪೂರ್ತಿ ಒಣಗಿಸಿ, ಆಮೇಲೆ ಮುಚ್ಚಬೇಕು. ರಿಪೇರಿ ಅಂದರೆ ಇಷ್ಟೇ.

ಒಣಗಿಸುವ ವಿಷಯದಲ್ಲಿ ಕರಾವಳಿಯವರಿಗಿಲ್ಲದ ಭಾಗ್ಯ ನಮಗಿದೆ. ಎಪ್ರಿಲ್-ಮೇ ತಿಂಗಳ ಕಲಬುರಗಿ ಬಿಸಿಲಿಗೆ ಯಾವ ಹೀಟರ್ ಸಮ? ಆದರೆ ಅದೇ ಬಿಸಿಲು ರೆಸಿನ್ ಕೆಲಸಕ್ಕೆ, ಅಂದರೆ ಫೈಬರ್ ಪದರಗಳನ್ನು ಹಿಡಿದು ಗಟ್ಟಿಯಾಗುವ ಅಂಟುದ್ರವದ ಕೆಲಸಕ್ಕೆ, ವೈರಿ. ಹೀಗಾಗಿ ಈ ದಗದವನ್ನು ಕ್ಯಾಲೆಂಡರ್ ನೋಡಿ ಹಂಚಿಕೊಳ್ಳಬೇಕು. ಬೇಸಿಗೆಯಲ್ಲಿ ಬಿಚ್ಚುವುದು, ಒಣಗಿಸುವುದು. ಮಳೆಗಾಲದಲ್ಲಿ ಮೋಟರ್, ಟ್ರೇಲರ್, ಸಾಮಾನು ತರುವ ಓಡಾಟ. ದೀಪಾವಳಿ ಕಳೆದ ಮೇಲೆ, ನವೆಂಬರ್‌ನಿಂದ ಫೆಬ್ರವರಿಯೊಳಗೆ, ರೆಸಿನ್ ಮತ್ತು ಬಣ್ಣ. ಮೇ ತಿಂಗಳಲ್ಲಿ ದೋಣಿ ತಂದು ಜೂನ್‌ನಲ್ಲಿ ನೀರಿಗಿಳಿಸುತ್ತೇನೆ ಅನ್ನುವವರು ಪುಟ್ಟಿ ಬಳಿದು ಬಣ್ಣ ಹಚ್ಚಿ ಮುಗಿಸುತ್ತಾರೆ. ಆ ದೋಣಿ ಮುಂದಿನ ಬೇಸಿಗೆಗೆ ಮತ್ತೆ ಅಂಗಳಕ್ಕೆ ಬರುತ್ತದೆ.

ಇಲ್ಲಿ ಹೇಳುತ್ತಿರುವುದು 12ರಿಂದ 16 ಅಡಿ ಉದ್ದದ ಎಫ್‌ಆರ್‌ಪಿ, ಅಂದರೆ ಫೈಬರ್, ದೋಣಿಯ ಬಗ್ಗೆ. ಬೆಣ್ಣೆತೊರಾ, ಅಮರ್ಜಾ ಜಲಾಶಯಗಳಿಗೆ, ಭೀಮಾ ನದಿಯ ನಿಂತ ನೀರಿಗೆ, ನಾರಾಯಣಪುರದ ಬಸವಸಾಗರದ ಹಿನ್ನೀರಿಗೆ ಈ ಅಳತೆ ಸಾಕು. ಅಮೆರಿಕದ ಬಾಸ್ ದೋಣಿಗಳ ವಿಡಿಯೊ ನೋಡಿ ಆಸೆ ಹುಟ್ಟಿದವರೂ ಇದ್ದೀರಿ. ಬಾಸ್ ನಮ್ಮ ನೀರಿನ ಮೀನಲ್ಲ. ಆದರೆ ಜೊಂಡಿನ ಮರೆಯಲ್ಲಿ ಹೊಂಚು ಹಾಕುವ ಕೊರಮೀನನ್ನು ಹಿಡಿಯುವ ಬಗೆ ಹೆಚ್ಚುಕಡಿಮೆ ಅದೇ: ದೋಣಿಯ ಮೂತಿಯಲ್ಲಿ ನಿಂತು, ಸದ್ದಿಲ್ಲದ ಬ್ಯಾಟರಿ ಮೋಟರ್‌ನಲ್ಲಿ ಸರಿಯುತ್ತ, ರಬ್ಬರ್ ಕಪ್ಪೆ ಎಸೆಯುವುದು. ಹಾಗಾಗಿ ಎತ್ತರದ ಮುಂಡೆಕ್, ಅಂದರೆ ಮೂತಿಯಲ್ಲಿ ನಿಲ್ಲುವ ಅಟ್ಟ, ಬೇಕೆನಿಸುವುದು ಸಹಜ. ಅದರ ಅಪಾಯದ ಬಗ್ಗೆ ಮುಂದೆ ಹೇಳುತ್ತೇನೆ.

ದುಡ್ಡು ಕೊಡುವ ಮೊದಲು

ಬರಿಗೈಯಲ್ಲಿ ಹೋಗಬೇಡಿ. ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರ್, ಟಾರ್ಚ್, ಬ್ಯಾಟರಿ ಡ್ರಿಲ್, 5 ಮಿಮೀ ಬಿಟ್ ಜೊತೆಗಿರಲಿ.

ಮೊದಲು ದೋಣಿಯ ಹಿಂಗೋಡೆ, ಅಂದರೆ ಮೋಟರ್ ಕೂರುವ ಟ್ರಾನ್ಸಮ್. ಸ್ಕ್ರೂಡ್ರೈವರ್ ಹಿಡಿಯಿಂದ ಮೇಲಿನಿಂದ ಕೆಳಗೆ ಕುಟ್ಟುತ್ತ ಬನ್ನಿ. ಗಟ್ಟಿ ಇದ್ದಲ್ಲಿ ಠಣ್ ಎಂದು ಚುರುಕಾಗಿ ಕೇಳುತ್ತದೆ, ಕೊಳೆತಲ್ಲಿ ಡಬ್ ಎಂದು ಸತ್ತ ಸದ್ದು. ಸದ್ದು ಬದಲಾಗುವ ಗೆರೆಯನ್ನು ಚಾಕ್‌ಪೀಸಿನಿಂದ ಗುರುತು ಹಾಕಿ. ಸಾಮಾನ್ಯವಾಗಿ ಕೆಳಗೆ ನೀರು ಹೊರಹೋಗುವ ತೂತಿನ ಸುತ್ತ ಮತ್ತು ಮೋಟರ್ ಬೋಲ್ಟುಗಳ ಸುತ್ತಲೇ ಕೊಳೆತ ಶುರುವಾಗಿರುತ್ತದೆ. ತೂತು ಕೊರೆದವರು ಒಳಗಿನ ಪ್ಲೈವುಡ್ಡಿಗೆ ರೆಸಿನ್ ಹಚ್ಚದೆ ಬಿಟ್ಟಿರುತ್ತಾರೆ. ಮಾಲೀಕರು ಒಪ್ಪಿದರೆ ಒಳಬದಿಯಿಂದ ಕೆಳಮಟ್ಟದಲ್ಲಿ ಒಂದು ತೂತು ಕೊರೆಯಿರಿ. ಬಿಟ್ ಜೊತೆ ಬರುವ ಹೊಟ್ಟು ತಿಳಿಬಣ್ಣದ ಒಣಪುಡಿಯಾದರೆ ಸರಿ. ಕಪ್ಪಗೆ, ಹಸಿಯಾಗಿ, ಬಿಟ್ಟಿಗೆ ಅಂಟಿಕೊಂಡು ಹುಳಿವಾಸನೆ ಹೊಡೆದರೆ ಟ್ರಾನ್ಸಮ್ ಪೂರಾ ಬದಲಿಸಬೇಕು. ಒಪ್ಪದಿದ್ದರೆ ಹಿಂದೆ ಮೋಟರ್ ಕೂರುವ ಜಾಗವನ್ನು ಹಿಡಿದು ಮೇಲೆ ಕೆಳಗೆ ಜೋರಾಗಿ ಅಲ್ಲಾಡಿಸಿ. ಬಳುಕಿದರೆ ಒಳಗೆ ಕೊಳೆತಿದೆ, ಡ್ರಿಲ್ ಮಾಡುವ ಅಗತ್ಯವೇ ಇಲ್ಲ.

ನಮ್ಮ ಕಡೆಯ ಇನ್ನೊಂದು ಕಾಟ ಗೆದ್ದಲು. ಎರೆಮಣ್ಣಿನ ಮೇಲೆ ನೇರವಾಗಿ ಮಲಗಿಸಿದ ದೋಣಿಯ ತಳದ ಸ್ಟ್ರಿಂಗರ್‌ಗಳನ್ನು, ಅಂದರೆ ಉದ್ದಕ್ಕೂ ಓಡುವ ಆಧಾರಪಟ್ಟಿಗಳನ್ನು, ಅವು ಒಳಗಿನಿಂದ ಪೂರಾ ಮುಗಿಸಿ ಮೇಲಿನ ಫೈಬರ್ ಚಿಪ್ಪನ್ನಷ್ಟೇ ಬಿಟ್ಟಿರುತ್ತವೆ. ನೀರು ತೂತಿನ ಅಂಚಲ್ಲಿ, ನೆಲದ ಹಲಗೆಯ ಸಂದಿಯಲ್ಲಿ ಮಣ್ಣಿನ ಸಣ್ಣ ಗೀರು ಕಂಡರೆ ನೆಲ ಎತ್ತಿ ನೋಡದೆ ವ್ಯಾಪಾರ ಮಾಡಬೇಡಿ.

ಮೈಮೇಲಿನ ಹೊಳಪು ಹೋಗಿ ಕೈಗೆ ಬಿಳಿಪುಡಿ ಹತ್ತುವುದು ಬಿಸಿಲಿನ ಗಾಯ. ಜೆಲ್‌ಕೋಟ್, ಅಂದರೆ ಮೇಲಿನ ಹೊಳಪಿನ ಪದರ, ಸುಟ್ಟಿದೆ ಅಷ್ಟೇ, ಅದಕ್ಕೆ ಹೆದರಬೇಕಾಗಿಲ್ಲ. ಜೇಡರ ಬಲೆಯಂಥ ಗೀರುಗಳು ಒಂದೇ ಬಿಂದುವಿನಿಂದ ಹರಡಿದ್ದರೆ ಅಲ್ಲಿ ಪೆಟ್ಟು ಬಿದ್ದಿದೆ. ಅಂಥ ಜಾಗವನ್ನು ಒಳಗಿನಿಂದಲೂ ನೋಡಿ. ಮೂಲೆಮೂಲೆಗೂ ಎಂ-ಸೀಲ್ ಮೆತ್ತಿದ್ದರೆ ಹಿಂದಿನವರು ಸೋರಿಕೆ ಹುಡುಕಿ ಸೋತಿದ್ದಾರೆ ಎಂದು ಅರ್ಥ.

ದೋಣಿ ತರುವ ದಿನ ಟ್ರ್ಯಾಕ್ಟರ್ ಟ್ರಾಲಿ ಹೇಗೂ ಬೇಕು. ದಾರಿಯಲ್ಲಿ ಧರ್ಮಕಾಟಾದ ಮೇಲೆ ಹತ್ತಿಸಿ ತೂಕ ಮಾಡಿಸಿ, ಇಳಿಸಿದ ಮೇಲೆ ಖಾಲಿ ಟ್ರಾಲಿಯ ತೂಕವನ್ನೂ ತೆಗೆಸಿ, ಎರಡರ ವ್ಯತ್ಯಾಸ ಬರೆದಿಡಿ. ಒಣಗಿಸಿದ ಮೇಲೆ ಇನ್ನೊಮ್ಮೆ ತೂಗಿದಾಗ ಕಮ್ಮಿಯಾದದ್ದೆಲ್ಲ ನೀರು. ನೆಲದಡಿಯ ಫೋಮ್ ನೀರು ಕುಡಿದಿದ್ದರೆ ಆ ಅಂಕಿ ನೋಡಿ ನೀವೇ ಬೆರಗಾಗುತ್ತೀರಿ.

ಬಿಚ್ಚುವುದು, ಒಣಗಿಸುವುದು

ಮನೆ ಮುಂದೆ ಶಹಾಬಾದ್ ಕಲ್ಲು ಹಾಸಿದ ಅಂಗಳವಿದ್ದರೆ ಅದೇ ಒಳ್ಳೆಯ ವರ್ಕ್‌ಶಾಪ್: ಸಮತಟ್ಟು, ಗೆದ್ದಲಿಲ್ಲ, ಗುಡಿಸಲು ಸುಲಭ. ರೆಸಿನ್ ಹನಿ ಬಿದ್ದರೆ ಮಾತ್ರ ಉಳಿಯಿಲ್ಲದೆ ಏಳುವುದಿಲ್ಲ. ದಪ್ಪ ಪ್ಲಾಸ್ಟಿಕ್ ಹಾಸಿ.

ದೋಣಿಯನ್ನು ಎರಡೇ ಕಲ್ಲಿನ ಮೇಲೆ ಇಡಬೇಡಿ. ಮಾಮೂಲಿ ಪಾಲಿಯೆಸ್ಟರ್ ರೆಸಿನ್ 60-70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತದೆ. ಮೇ ಮಧ್ಯಾಹ್ನದಲ್ಲಿ ಕಡುಬಣ್ಣದ ಫೈಬರ್ ಮೈ ಆ ಮಟ್ಟಕ್ಕೆ ಕಾಯುವುದು ಕಷ್ಟವೇನಲ್ಲ. ಆಧಾರ ಕಮ್ಮಿಯಾದರೆ ತಳ ಜೋತುಬಿದ್ದು ಅದೇ ಆಕಾರಕ್ಕೆ ಕೂತುಬಿಡುತ್ತದೆ. ನಡುಬೆನ್ನಿನ ಕೆಳಗೆ ಮೂರ್ನಾಲ್ಕು ಕಡೆ, ಎರಡೂ ಬದಿಗೆ ಎರಡೆರಡು ಕಡೆ, ಗೋಣಿಚೀಲ ಸುತ್ತಿದ ಮರದ ತುಂಡು ಕೊಡಿ. ಮೂತಿ ಸ್ವಲ್ಪ ಮೇಲಿರಲಿ, ನೀರು ಹಿಂದಿನ ತೂತಿನಿಂದ ತಾನಾಗಿ ಹರಿದುಹೋಗುವಂತೆ.

ಇನ್ನು ಸಾಮಾನೆಲ್ಲ ಬಿಚ್ಚಿ: ಸೀಟು, ರೇಲಿಂಗ್, ವೈರು, ಹುಕ್ಕು, ನೆಲದ ಹಲಗೆ. ಪ್ರತಿಯೊಂದನ್ನೂ ತೆಗೆಯುವ ಮೊದಲು ಫೋನಿನಲ್ಲಿ ಫೋಟೊ. ಹಳೆಯ ಹಲಗೆ ಎಷ್ಟೇ ಕೊಳೆತಿರಲಿ, ತುಂಡಾಗದಂತೆ ಎತ್ತಿ. ಹೊಸದನ್ನು ಕತ್ತರಿಸಲು ಅದೇ ಅಚ್ಚು. ನೆಲದಡಿಯ ಫೋಮಿನ ಒಂದು ತುಂಡು ಕಿತ್ತು ಹಿಂಡಿ ನೋಡಿ. ನೀರು ಬಂದರೆ ಎಲ್ಲವನ್ನೂ ತೆಗೆಯಬೇಕು, ಅರ್ಧ ಉಳಿಸುವ ಆಸೆ ಬೇಡ. ಹೊಸ ಜಾಗಕ್ಕೆ ಬಂದ ಹಾವು-ಚೇಳುಗಳಿಗೂ ದೋಣಿಯ ಅಡಿ ಒಳ್ಳೆಯ ಮನೆ, ಕೈ ಹಾಕುವ ಮೊದಲು ಕೋಲು ಹಾಕಿ.

ಸೋಪಿನ ನೀರಿನಿಂದ ತೊಳೆದು ಬಿಸಿಲಿಗೆ ಬಿಡಿ. ಬೋರ್‌ವೆಲ್ ನೀರಾದರೆ ಉಪ್ಪಿನ ಬಿಳಿ ಕಲೆ ಕೂರುತ್ತದೆ, ಕೊನೆಗೊಮ್ಮೆ ನಲ್ಲಿ ನೀರಿನ ಒದ್ದೆ ಬಟ್ಟೆಯಿಂದ ಒರೆಸಿ. ಒಣಗಿತೇ ಎಂದು ತಿಳಿಯಲು ಒಂದು ಅಡಿ ಚೌಕದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಅನುಮಾನದ ಜಾಗಕ್ಕೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. ಮುಂಜಾನೆ ಹಚ್ಚಿ ಸಂಜೆ ನೋಡಿ. ಒಳಬದಿಯಲ್ಲಿ ಮಂಜು ಕಟ್ಟಿದ್ದರೆ ಇನ್ನೂ ತೇವ ಇದೆ. ಮಂಜು ಕಟ್ಟುವುದು ನಿಲ್ಲುವವರೆಗೆ ಮುಂದಿನ ಕೆಲಸಕ್ಕೆ ಕೈ ಹಾಕಬೇಡಿ.

ರೆಸಿನ್ ಸಾಮಾನು, ಮತ್ತು ಪ್ರಾಣಕ್ಕೆ ಸಂಬಂಧಿಸಿದ ಒಂದು ಮಾತು

ಎಫ್‌ಆರ್‌ಪಿ ಬಾಗಿಲು, ನೀರಿನ ಟ್ಯಾಂಕು ಮಾಡುವವರ ಹತ್ತಿರ ಪಾಲಿಯೆಸ್ಟರ್ ರೆಸಿನ್, ಗ್ಲಾಸ್ ನಾರಿನ ಮ್ಯಾಟು ವಿಚಾರಿಸಬಹುದು. ಎಪಾಕ್ಸಿ ಎಂಬ ಇನ್ನೊಂದು ಬಗೆಯ ರೆಸಿನ್, ಒಳ್ಳೆಯ ನೆಯ್ದ ಗ್ಲಾಸ್ ಬಟ್ಟೆ ಬೇಕಾದರೆ ಹೈದರಾಬಾದಿನ ದಾರಿ ಹಿಡಿಯುವುದೇ ಮೇಲು. ಪಾಲಿಯೆಸ್ಟರ್‌ನಲ್ಲೂ ಸಾದಾ ದರ್ಜೆ ಬಿಟ್ಟು ಐಸೋಫ್ತಾಲಿಕ್ ಕೇಳಿ, ನೀರಿಗೆ ಅದು ಹೆಚ್ಚು ತಡೆಯುತ್ತದೆ.

ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗಲು ಎರಡು ದ್ರವ ಬೇಕು: ನೇರಳೆ ಬಣ್ಣದ ಕೋಬಾಲ್ಟ್ ಆಕ್ಸಿಲರೇಟರ್, ನೀರಿನಂತೆ ತಿಳಿಯಾದ ಎಂಇಕೆಪಿ ಕ್ಯಾಟಲಿಸ್ಟ್. ಇವೆರಡನ್ನು ಎಂದಿಗೂ, ಹನಿಯಷ್ಟೂ, ನೇರವಾಗಿ ಬೆರೆಸಬಾರದು. ಬೆಂಕಿ ಹೊತ್ತಬಹುದು, ಸ್ಫೋಟವೂ ಆಗಬಹುದು. ಮೊದಲು ಕೋಬಾಲ್ಟ್ ಅನ್ನು ರೆಸಿನ್ನಿಗೆ ಹಾಕಿ ಪೂರ್ತಿ ಕದಡಿ, ಆಮೇಲೆ ಬೇರೆ ಅಳತೆಪಾತ್ರೆಯಿಂದ ಕ್ಯಾಟಲಿಸ್ಟ್ ಹಾಕಿ. ಎರಡು ಬಾಟಲಿಗಳೂ ಬೇರೆ ಬೇರೆ ಕೋಣೆಯಲ್ಲಿರಲಿ, ಎರಡಕ್ಕೂ ಒಂದೇ ಸಿರಿಂಜ್ ಬೇಡ. ಅಂಗಡಿಯಲ್ಲಿ ಕೋಬಾಲ್ಟ್ ಮೊದಲೇ ಬೆರೆಸಿದ ರೆಸಿನ್ ಸಿಕ್ಕರೆ ಅದನ್ನೇ ತನ್ನಿ. ಕ್ಯಾಟಲಿಸ್ಟ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕ ಕಡ್ಡಾಯ, ಸಿಡಿದರೆ ಕನಿಷ್ಠ 15 ನಿಮಿಷ ನೀರು ಹರಿಸಿ ತಕ್ಷಣ ಆಸ್ಪತ್ರೆಗೆ. ರೆಸಿನ್ ಹೊಗೆಗೆ ಬಟ್ಟೆ ಮಾಸ್ಕ್ ಏನೂ ಮಾಡದು, ಕಾರ್ಬನ್ ಡಬ್ಬಿ ಇರುವ ಮಾಸ್ಕ್ ಬೇಕು. ಉಜ್ಜುವಾಗಿನ ಧೂಳಿಗೆ ಎನ್-95. ಬೀಡಿ-ಸಿಗರೇಟು ಅಂಗಳದಾಚೆ.

ಕ್ಯಾಟಲಿಸ್ಟ್ ಪ್ರಮಾಣ ರೆಸಿನ್ ತೂಕದ ಶೇ 1ರಿಂದ 2. ತಾಪಮಾನ 10 ಡಿಗ್ರಿ ಏರಿದರೆ ಗಟ್ಟಿಯಾಗುವ ಸಮಯ ಅರ್ಧಕ್ಕಿಳಿಯುತ್ತದೆ ಎಂಬುದು ಒರಟು ಲೆಕ್ಕ. ಬಿಸಿಲು ಜಾಸ್ತಿ ಎಂದು ಕ್ಯಾಟಲಿಸ್ಟನ್ನು ಶೇ 1ಕ್ಕಿಂತ ಕೆಳಗಿಳಿಸಿದರೆ ರೆಸಿನ್ ಒಳಗೆ ಹಸಿಯಾಗಿಯೇ ಉಳಿದೀತು. ಇಳಿಸಬೇಕಾದದ್ದು ಕೋಬಾಲ್ಟ್, ಇಲ್ಲವೇ ಒಂದು ಸಲಕ್ಕೆ ಕಲಸುವ ಪ್ರಮಾಣ. ನಸುಕಿನಲ್ಲಿ ಶುರುಮಾಡಿ ಹತ್ತು ಗಂಟೆಗೆ ಕೈ ತೊಳೆಯುವುದು ಇನ್ನೂ ಒಳ್ಳೆಯದು. ಡಬ್ಬಿಯಲ್ಲಿ ಉಳಿದ ರೆಸಿನ್ ಕಾದು ಹೊಗೆಯಾಡುತ್ತದೆ, ಅದನ್ನು ಮರಳಿನ ಮೇಲೆ ತೆಳ್ಳಗೆ ಸುರಿದುಬಿಡಿ.

ಎಪಾಕ್ಸಿಯ ಧರ್ಮ ಬೇರೆ. ಅದರಲ್ಲಿ ಹಾರ್ಡನರ್ ಪ್ರಮಾಣ ಕಂಪನಿ ಹೇಳಿದಷ್ಟೇ, ಒಂದು ಹನಿ ಆಚೀಚೆ ಮಾಡುವಂತಿಲ್ಲ. ನಿಧಾನ ಬೇಕಾದರೆ ನಿಧಾನದ ಹಾರ್ಡನರನ್ನೇ ಕೊಳ್ಳಬೇಕು. ಬೆಲೆ ದುಬಾರಿ, ಆದರೆ ಮರಕ್ಕೂ ಹಳೆಯ ಫೈಬರ್‌ಗೂ ಅದು ಹಿಡಿದಂತೆ ಪಾಲಿಯೆಸ್ಟರ್ ಹಿಡಿಯುವುದಿಲ್ಲ. ನನ್ನ ಲೆಕ್ಕ ಸರಳ: ಮೈಮೇಲಿನ ತೂತು-ಬಿರುಕಿಗೆ ಪಾಲಿಯೆಸ್ಟರ್ ಸಾಕು, ಪ್ಲೈವುಡ್ ಸೇರುವ ಕಡೆಯೆಲ್ಲ ಎಪಾಕ್ಸಿ. ಒಂದು ಎಚ್ಚರ: ಮಾಮೂಲಿ ಚೂರುನಾರಿನ ಮ್ಯಾಟಿನ ಅಂಟು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್‌ಗೆ ಕರಗುತ್ತದೆ, ಎಪಾಕ್ಸಿಗೆ ಕರಗದು. ಎಪಾಕ್ಸಿ ಜೊತೆ ನೆಯ್ದ ಅಥವಾ ಹೊಲಿದ ಗ್ಲಾಸ್ ಬಟ್ಟೆಯನ್ನೇ ಬಳಸಿ.

ಮೈಯ ತೂತು ಮುಚ್ಚುವುದು

ಅಂಗೈಯಗಲದ ತೂತೊಂದನ್ನು ಉದಾಹರಣೆಗೆ ಹಿಡಿಯೋಣ: 10 ಸೆಂಮೀ ಅಗಲ, ಮೈಯ ದಪ್ಪ 5 ಮಿಮೀ. ಮೊದಲು ಒಡೆದ, ಬಿಳಿಚಿದ ಫೈಬರ್ ಪೂರಾ ಕತ್ತರಿಸಿ ಗಟ್ಟಿ ಅಂಚು ಸಿಗುವಂತೆ ಮಾಡಿ. ಆಮೇಲೆ ಆ್ಯಂಗಲ್ ಗ್ರೈಂಡರ್‌ಗೆ 40 ನಂಬರ್ ಫ್ಲ್ಯಾಪ್ ಡಿಸ್ಕ್ ಹಾಕಿ ಅಂಚನ್ನು ಇಳಿಜಾರು ಮಾಡಬೇಕು. ದಪ್ಪದ 12 ಪಟ್ಟು ಇಳಿಜಾರು ಬೇಕು, ಅಂದರೆ ಸುತ್ತಲೂ 60 ಮಿಮೀ. 10 ಸೆಂಮೀ ತೂತಿನ ತೇಪೆ ಹೀಗೆ 22 ಸೆಂಮೀ ಆಗುತ್ತದೆ. ಇಷ್ಟು ದೊಡ್ಡದೇ ಎಂದು ಅನಿಸುತ್ತದೆ, ಆದರೆ ಹಿಡಿತ ಬರುವುದು ಈ ಇಳಿಜಾರಿನಲ್ಲಿಯೇ.

ಒಳಗಿನಿಂದ ಮೇಣ ಸವರಿದ ಫಾರ್ಮಿಕಾ ತುಂಡನ್ನು ಆಧಾರವಾಗಿ ಒತ್ತಿ ನಿಲ್ಲಿಸಿ. ಅಸಿಟೋನ್‌ನಿಂದ ಒರೆಸಿ. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ಒಂದು ಪದರ ಸುಮಾರು 1 ಮಿಮೀ ದಪ್ಪ ಕೂರುತ್ತದೆ, ಆದ್ದರಿಂದ ಐದು ಪದರ: 22, 19, 16, 13, 10 ಸೆಂಮೀ ವೃತ್ತಗಳು. ಐದೂ ಸೇರಿ ಗ್ಲಾಸಿನ ತೂಕ 50 ಗ್ರಾಂ ಕೂಡ ಆಗದು. ರೆಸಿನ್ ಅದರ ಎರಡೂಕಾಲು ಪಟ್ಟು, ಕೈತಪ್ಪಿಗೂ ಸೇರಿಸಿ 120 ಗ್ರಾಂ. ಕ್ಯಾಟಲಿಸ್ಟ್ ಶೇ 1.5ರಂತೆ 2 ಮಿಲಿಗಿಂತ ಕಮ್ಮಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ, ಸಿರಿಂಜ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಬಾಟಲಿ ಮುಚ್ಚಳದ ಅಳತೆ ದೊಡ್ಡ ಟ್ಯಾಂಕಿಗೆ ನಡೆದೀತು, ಇಷ್ಟು ಸಣ್ಣ ಪಾಕಕ್ಕೆ ನಡೆಯದು.

ದೊಡ್ಡ ವೃತ್ತ ಮೊದಲೋ ಸಣ್ಣದು ಮೊದಲೋ ಎಂಬ ಜಗಳ ದೋಣಿ ಕೆಲಸದವರಲ್ಲಿ ಹಳೆಯದು. ನಾನು ದೊಡ್ಡದನ್ನೇ ಮೊದಲು ಕೂರಿಸುತ್ತೇನೆ. ಒಂದೇ ಅಖಂಡ ಪದರ ಇಡೀ ಇಳಿಜಾರನ್ನು ಹಿಡಿದುಕೊಳ್ಳುತ್ತದೆ, ಕೊನೆಗೆ ಉಜ್ಜುವಾಗ ಸವೆಯುವುದು ಮೇಲಿನ ಸಣ್ಣ ಪದರ ಮಾತ್ರ. ಬ್ರಶ್ಶನ್ನು ಎಳೆಯಬೇಡಿ, ಕುಟ್ಟಿ ಕುಟ್ಟಿ ನೆನೆಸಿ. ಬಿಳಿ ಚುಕ್ಕೆ ಉಳಿದರೆ ಅದು ಗಾಳಿ. ಕಬ್ಬಿಣದ ಗೆರೆ ರೋಲರ್‌ನಿಂದ ನಡುವಿನಿಂದ ಅಂಚಿಗೆ ಒತ್ತಿ ಹೊರಗೆ ಹಾಕಿ. ಮ್ಯಾಟ್ ಪಾರದರ್ಶಕ ಆಗಿ ಕೆಳಗಿನ ಗೆರೆ ಕಾಣಬೇಕು.

ಮೇಲೆ ಸಮ ಮಾಡಲು ಕಾರ್ ಡೆಂಟಿಂಗ್ ಪುಟ್ಟಿ ನೀರಿನ ಮಟ್ಟಕ್ಕಿಂತ ಕೆಳಗೆ ಬೇಡವೇ ಬೇಡ, ಅದು ನೀರು ಹೀರುತ್ತದೆ. ರೆಸಿನ್ನಿಗೆ ಏರೋಸಿಲ್ ಎಂಬ ಹಗುರ ಸಿಲಿಕಾ ಪುಡಿ ಕಲಸಿ ನಿಮ್ಮದೇ ಪುಟ್ಟಿ ಮಾಡಿಕೊಳ್ಳಿ.

ಟ್ರಾನ್ಸಮ್ ಬದಲಾವಣೆ

ಇಡೀ ಕೆಲಸದ ಜೀವ ಇದು. ಇಲ್ಲಿ ಗಡಿಬಿಡಿ ಮಾಡಿದರೆ ನಡುನೀರಿನಲ್ಲಿ ಮೋಟರ್ ಕಳಚಿ ಹೋಗುತ್ತದೆ.

ಹೊರಗಿನ ಫೈಬರ್ ಹಾಗೇ ಉಳಿಸಿ, ಒಳಗಿನ ಚರ್ಮವನ್ನು ಕತ್ತರಿಸಿ ತೆಗೆಯಿರಿ. ಸುತ್ತಲೂ 5 ಸೆಂಮೀ ಅಂಚು ಬಿಡಿ, ಹೊಸ ಪದರಕ್ಕೆ ಅದೇ ಹಿಡಿ. ಒಳಗಿನ ಕೊಳೆತ ಪ್ಲೈವುಡ್ ಕೆಲವೆಡೆ ಕೈಯಲ್ಲೇ ಬರುತ್ತದೆ, ಕೆಲವೆಡೆ ಉಳಿ-ಸುತ್ತಿಗೆ ಬೇಕು. ಒಂದು ಚೂರೂ ಉಳಿಯದಂತೆ ತೆಗೆದು, ಹೊರಚರ್ಮದ ಒಳಮೈಯನ್ನು 40 ನಂಬರ್ ಡಿಸ್ಕಿನಿಂದ ಒರಟು ಮಾಡಿ. ಈಗ ಆ ಚರ್ಮ ತೆಳ್ಳಗೆ ಬಳುಕುತ್ತಿರುತ್ತದೆ, ಹೊರಗಿನಿಂದ ನೇರವಾದ ಮರದ ಪಟ್ಟಿ ಕಟ್ಟಿ ಸಮ ಹಿಡಿಯಿರಿ. ಇಲ್ಲದಿದ್ದರೆ ಹೊಸ ಟ್ರಾನ್ಸಮ್ ಹೊಟ್ಟೆ ಉಬ್ಬಿದ ಹಾಗೆಯೇ ಗಟ್ಟಿಯಾಗುತ್ತದೆ.

ಪ್ಲೈವುಡ್ ಕೊಳ್ಳುವಾಗ ಹಲಗೆಯ ಮೇಲೆ ಐಎಸ್ 710 ಮುದ್ರೆ ನೋಡಿ, ಅದು ಮೆರೈನ್ ಪ್ಲೈವುಡ್ಡಿನ ಬಿಐಎಸ್ ಮಾನಕ. ಐಎಸ್ 303 ಮುದ್ರೆಯದು ಅಡುಗೆಮನೆ ಕಪಾಟಿಗೆ ಸರಿ, ಇಲ್ಲಿಗಲ್ಲ. ರಟ್ಟಿನ ಅಚ್ಚು ಕತ್ತರಿಸಿ ಕೂರಿಸಿ ನೋಡಿ, ಆಮೇಲೆ 19 ಮಿಮೀಯ ಎರಡು ಹಲಗೆ ಕತ್ತರಿಸಿ. ಎರಡೂ ಸೇರಿ 38 ಮಿಮೀ, ಈ ಅಳತೆಯ ದೋಣಿಗೆ ಭದ್ರ. ಹಲಗೆಗಳ ಎರಡೂ ಮುಖಕ್ಕೆ, ವಿಶೇಷವಾಗಿ ಕತ್ತರಿಸಿದ ಅಂಚುಗಳಿಗೆ, ತೆಳು ಎಪಾಕ್ಸಿ ಕುಡಿಸಿ. ಅಂಚು ಎಷ್ಟು ಕುಡಿಯುತ್ತದೋ ಅಷ್ಟು, ಎರಡು-ಮೂರು ಸಲ.

ಅಂಟಿಸುವ ಪಾಕಕ್ಕೆ ಎಪಾಕ್ಸಿಯಲ್ಲಿ ಏರೋಸಿಲ್ ಕಲಸುತ್ತ ಹೋಗಿ, ಹೋಳಿಗೆ ಹೂರಣದ ಹದಕ್ಕೆ ಬರಲಿ: ಕರಣೆಯಿಂದ ಎತ್ತಿದರೆ ನಿಲ್ಲಬೇಕು, ಒತ್ತಿದರೆ ಹರಡಬೇಕು. ಹಲ್ಲುಕರಣೆಯಿಂದ ಹೊರಚರ್ಮದ ಮೇಲೆ ಪೂರಾ ಹರಡಿ ಮೊದಲ ಹಲಗೆ ಕೂರಿಸಿ, ಅದರ ಮೇಲೆ ಇನ್ನೊಂದು ಪದರ ಪಾಕ, ಎರಡನೇ ಹಲಗೆ. ಮೋಟರ್ ಬೋಲ್ಟಿನ ತೂತುಗಳಲ್ಲೇ ಉದ್ದನೆ ಬೋಲ್ಟ್ ಹಾಕಿ, ಪ್ಲಾಸ್ಟಿಕ್ ಸುತ್ತಿದ ಪಟ್ಟಿಗಳ ನಡುವೆ ಬಿಗಿಯಿರಿ. ಅಂಚಿನಿಂದ ಸುತ್ತಲೂ ಪಾಕ ಸ್ವಲ್ಪ ಹೊರಬಂದರೆ ಸಾಕು, ನಿಲ್ಲಿಸಿ. ಇನ್ನೂ ತಿರುಗಿಸಿದರೆ ಅಂಟೆಲ್ಲ ಹೊರಗೆ ಹೋಗಿ ನಡುವೆ ಒಣ ಜಾಗ ಉಳಿಯುತ್ತದೆ.

ಗಟ್ಟಿಯಾದ ಮೇಲೆ ಮೂಲೆಗಳಲ್ಲಿ ಅದೇ ಪಾಕ ತುಂಬಿ ದುಂಡನೆಯ ತಿರುವು ಮಾಡಿ. ಗ್ಲಾಸ್ ಬಟ್ಟೆ ಚೂಪು ಮೂಲೆಯಲ್ಲಿ ಬಗ್ಗದು, ಗಾಳಿ ಸೇರುತ್ತದೆ. ಅದರ ಮೇಲೆ 10, 15, 20 ಸೆಂಮೀ ಅಗಲದ ಪಟ್ಟಿಗಳು ಒಂದರ ಮೇಲೊಂದು, ಕೊನೆಗೆ ಇಡೀ ಒಳಮುಖಕ್ಕೆ ಎರಡು ಪದರ ಬಟ್ಟೆ. ಎಪಾಕ್ಸಿ ಮೇಲ್ಮೈಯಲ್ಲಿ ಜಿಡ್ಡಿನ ಪೊರೆ ಕಟ್ಟಬಹುದು. ಮುಂದಿನ ಪದರಕ್ಕೆ ಮೊದಲು ನೀರು, ನಾರಿನಿಂದ ತಿಕ್ಕಿ ತೊಳೆಯಿರಿ. ಥಿನ್ನರ್ ಹಚ್ಚಿದರೆ ಪೊರೆ ಹರಡುತ್ತದೆಯೇ ಹೊರತು ಹೋಗುವುದಿಲ್ಲ.

ಇನ್ನು ಮುಂದೆ ಈ ದೋಣಿಯಲ್ಲಿ ಕೊರೆಯುವ ಪ್ರತಿ ತೂತಿಗೂ ಒಂದೇ ನಿಯಮ. ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆದು, ಎಪಾಕ್ಸಿ ಪಾಕ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿ ಅಳತೆಯ ತೂತು. ಬೋಲ್ಟ್ ಸಡಿಲಾದರೂ ನೀರು ಮರಕ್ಕೆ ತಲುಪುವುದಿಲ್ಲ. ಸಂದಿಗೆ ಪಾಲಿಯುರೆಥೇನ್ ಸೀಲಂಟ್. ಬಚ್ಚಲುಮನೆ ಸಿಲಿಕೋನ್ ಬೇಡ, ಅದು ಹಿಡಿದ ಜಾಗದಲ್ಲಿ ಮುಂದೆ ಬಣ್ಣವೂ ಕೂರದು.

ನೆಲ, ಡೆಕ್, ತೇಲುವ ಫೋಮ್

ನೆಲಕ್ಕೆ 12 ಮಿಮೀ ಐಎಸ್ 710 ಹಲಗೆ, ಆರೂ ಮುಖಕ್ಕೆ ಎಪಾಕ್ಸಿ. ಸ್ಟ್ರಿಂಗರ್ ಕೊಳೆತಿದ್ದರೆ ಟ್ರಾನ್ಸಮ್ ರೀತಿಯಲ್ಲೇ ಬದಲಾವಣೆ, ಒಂದು ಸಲಕ್ಕೆ ಒಂದು ಮಾತ್ರ. ಎಲ್ಲ ಒಟ್ಟಿಗೆ ಕಿತ್ತರೆ ತಳದ ಆಕಾರ ಕೈತಪ್ಪುತ್ತದೆ.

ಮುಂಡೆಕ್ಕಿನ ವಿಷಯಕ್ಕೆ ಬರೋಣ. ವಿಡಿಯೊದಲ್ಲಿ ಕಾಣುವ ಬಾಸ್ ದೋಣಿಗಳು ಬಹುಪಾಲು 17ರಿಂದ 21 ಅಡಿ ಉದ್ದ, ಅಗಲ 8 ಅಡಿಯ ಹತ್ತಿರ. ನಮ್ಮ 14 ಅಡಿ ದೋಣಿಯ ಅಗಲ ನಾಲ್ಕೂವರೆ ಅಡಿ ಇದ್ದರೆ ಹೆಚ್ಚು. ಅದರ ಮೇಲೆ ಅಂಚಿನ ಮಟ್ಟಕ್ಕೆ ಡೆಕ್ ಕಟ್ಟಿ ಇಬ್ಬರು ನಿಂತು ಒಂದೇ ಕಡೆ ವಾಲಿದರೆ ದೋಣಿ ಮಗುಚಿ ಮೀನೇ ನಿಮ್ಮನ್ನು ಹಿಡಿಯುತ್ತದೆ. ಡೆಕ್ ಬೇಕಿದ್ದರೆ ನೆಲದಿಂದ ಒಂದು ಗೇಣು, ಅಂಚಿಗಿಂತ ಸಾಕಷ್ಟು ಕೆಳಗೆ, ಒಬ್ಬರಿಗೆ ನಿಲ್ಲುವಷ್ಟು ಮಾತ್ರ. ಎಷ್ಟು ಜನ ಕೂರಬಹುದು ಎಂಬುದಕ್ಕೆ ಅಮೆರಿಕದ ಸಣ್ಣ ದೋಣಿಗಳಲ್ಲಿ ಬಳಸುವ ಸರಳ ಲೆಕ್ಕ: ಉದ್ದ ಅಡಿ ಗುಣಿಸು ಅಗಲ ಅಡಿ, ಭಾಗಿಸು 15. 14 ಮತ್ತು 4.5ಕ್ಕೆ 4.2 ಬರುತ್ತದೆ. ಬ್ಯಾಟರಿ, ಡೆಕ್ ಹೇರಿದ ಮೇಲೆ ನಾನಾದರೆ ಮೂವರಿಗೆ ನಿಲ್ಲಿಸುತ್ತೇನೆ.

ದೋಣಿಯಲ್ಲಿ ನೀರು ತುಂಬಿದರೂ ಮುಳುಗದಂತೆ ಮಾಡುವುದು ಫೋಮ್. ಒಂದು ಲೀಟರ್ ಫೋಮ್ ಸುಮಾರು ಒಂದು ಕಿಲೊ ಎತ್ತುತ್ತದೆ. ನೀರಿನೊಳಗೆ ಫೈಬರ್‌ನ ತೂಕ ಮೂರನೇ ಒಂದಕ್ಕೆ ಇಳಿಯುವುದರಿಂದ 120 ಕಿಲೊ ಮೈಗೆ 40 ಲೀಟರ್, 30 ಕಿಲೊ ಮೋಟರ್‌ಗೆ 25, ಬ್ಯಾಟರಿಗೆ 15, ಹಿಡಿದುಕೊಳ್ಳುವ ಮೂವರಿಗೆ 45; ಒಟ್ಟು 125, ಭದ್ರತೆಗೆ 150 ಲೀಟರ್. ಇದನ್ನು ತಳದಲ್ಲಿ ತುಂಬಬೇಡಿ, ಬದಿಗೋಡೆ ಮತ್ತು ಸೀಟಿನ ಅಡಿ ಎತ್ತರದಲ್ಲಿ ಕೂರಿಸಿ. ತಳದಲ್ಲಿದ್ದರೆ ನೀರು ತುಂಬಿದ ದೋಣಿ ಬೋರಲಾಗುತ್ತದೆ. ಥರ್ಮಕೋಲ್ ಮೇಲೆ ಪಾಲಿಯೆಸ್ಟರ್ ರೆಸಿನ್ ಸುರಿದರೆ ಕಣ್ಣೆದುರೇ ಕರಗಿಹೋಗುತ್ತದೆ, ಪೆಟ್ರೋಲಿಗೂ ಅಷ್ಟೇ. ಸುರಿಯುವ ಪಿಯು (ಪಾಲಿಯುರೆಥೇನ್) ಫೋಮ್ ಚೆನ್ನಾಗಿದೆ, ಆದರೆ ನನ್ನ ಒಲವು ಬಿಗಿಯಾಗಿ ಮುಚ್ಚಿದ 5 ಲೀಟರ್ ಪ್ಲಾಸ್ಟಿಕ್ ಕ್ಯಾನುಗಳ ಕಡೆ. ಮೂವತ್ತು ಕ್ಯಾನ್ ಬಿಗಿಯಾಗಿ ಜೋಡಿಸಿ ಪಟ್ಟಿ ಕಟ್ಟಿದರೆ ಲೆಕ್ಕ ಸರಿಹೋಯಿತು, ಬೇಕೆಂದಾಗ ತೆಗೆದು ಅಡಿ ಒಣಗಿಸಬಹುದು.

ಬಣ್ಣ

120, 220, 320 ನಂಬರ್ ಕಾಗದ ಕ್ರಮವಾಗಿ, ಎಪಾಕ್ಸಿ ಪ್ರೈಮರ್, ಮೇಲೆ ಹಾರ್ಡನರ್ ಬೇರೆ ಡಬ್ಬಿಯಲ್ಲಿ ಬರುವ ಪಿಯು ಬಣ್ಣ. ಎಪಾಕ್ಸಿ ಹಚ್ಚಿದ ಜಾಗದಲ್ಲಿ ಪಾಲಿಯೆಸ್ಟರ್ ಜೆಲ್‌ಕೋಟ್ ನಂಬುವಂತಿಲ್ಲ, ಅಲ್ಲಿ ಬಣ್ಣವೇ ಸರಿ. ಪಿಯು ಹಾರ್ಡನರ್‌ನ ಐಸೋಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು, ಮನೆಯಲ್ಲಿ ಸ್ಪ್ರೇ ಬೇಡ. ಫೋಮ್ ರೋಲರ್‌ನಿಂದ ತೆಳ್ಳಗೆ ಹಚ್ಚಿ, ಹಿಂದೆಯೇ ಒಳ್ಳೆಯ ಬ್ರಶ್ಶಿನ ತುದಿಯಿಂದ ಸವರಿ. ಡಿಸೆಂಬರ್-ಜನವರಿಯಲ್ಲಿ ಸುತ್ತ ಹೊಲಗಳಲ್ಲಿ ತೊಗರಿ ರಾಶಿ ನಡೆದಿದ್ದರೆ ಆ ಹೊಟ್ಟು ನೇರ ನಿಮ್ಮ ಹಸಿಬಣ್ಣಕ್ಕೇ ಬರುತ್ತದೆ, ಗಾಳಿ ಏಳುವ ಮೊದಲಿನ ಮುಂಜಾನೆ ಆರಿಸಿ. ಬಣ್ಣ ಬಿಳಿ ಅಥವಾ ತಿಳಿ. ಕಪ್ಪು ಡೆಕ್ ಚೆಂದ ಕಾಣುತ್ತದೆ, ಮಾರ್ಚ್‌ನಲ್ಲಿ ಬರಿಗಾಲಿಡಲು ಆಗದು.

ಮೋಟರ್, ವೈರು

ಪೆಟ್ರೋಲ್ ಮೋಟರ್ ರಿಪೇರಿ ಬೇರೆಯೇ ಪುರಾಣ, ಎರಡು-ಮೂರು ಮಾತು ಸಾಕು. ನೀರೆತ್ತುವ ರಬ್ಬರ್ ಇಂಪೆಲ್ಲರ್ ಕಣ್ಣು ಮುಚ್ಚಿ ಬದಲಿಸಿ. ಗೇರ್ ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ಒಳಗೆ ನೀರು ಸೇರಿದೆ. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪುಗಳೆಲ್ಲ ಬದಲಾಗಬೇಕು, ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ಬಿಡಬಾರದು. ಟ್ರಾನ್ಸಮ್ ಎತ್ತರ ಮೋಟರ್‌ಗೆ ಹೊಂದಬೇಕು: ಗಿಡ್ಡ ಶಾಫ್ಟಿಗೆ 15 ಇಂಚು, ಉದ್ದ ಶಾಫ್ಟಿಗೆ 20.

ಬ್ಯಾಟರಿ ಮೋಟರ್ 55 ಪೌಂಡ್ ಎಳೆತದ್ದಾದರೆ ಪೂರ್ಣ ವೇಗದಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತದೆ. 16 ಚದರ ಮಿಮೀ ತಾಮ್ರದ ವೈರು, ಬ್ಯಾಟರಿಯ ಒಂದು ಗೇಣಿನೊಳಗೆ 60 ಆಂಪಿಯರ್ ಬ್ರೇಕರ್ ಇರಲೇಬೇಕು. ಮನೆಯ ಇನ್ವರ್ಟರ್ ಬ್ಯಾಟರಿ ಹೊರುವ ಯೋಚನೆ ಎಲ್ಲರಿಗೂ ಬರುತ್ತದೆ. 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ 50 ಕಿಲೊ ದಾಟುತ್ತದೆ, ವಾಲಿದರೆ ಆಸಿಡ್ ಚೆಲ್ಲುತ್ತದೆ. ದುಡ್ಡಿದ್ದರೆ 100 ಆಂಪಿಯರ್-ಅವರ್ ಲಿಥಿಯಂ ಫಾಸ್ಫೇಟ್, ತೂಕ 12 ಕಿಲೊ ಆಸುಪಾಸು.

ನೀರಿಗಿಳಿಸುವುದು

ಮೊದಲು ಅಂಗಳದಲ್ಲೇ ಪರೀಕ್ಷೆ. ಆಧಾರಗಳೆಲ್ಲ ಭದ್ರ ಇವೆಯೇ ನೋಡಿ, ದೋಣಿಯೊಳಗೆ ಮೂರು ಬೆರಳು ನೀರು ತುಂಬಿ, ಹೊರಗಿನಿಂದ ಟಾರ್ಚ್ ಹಿಡಿದು ಹನಿ ಹುಡುಕಿ. ಇಷ್ಟು ನೀರೇ ಎರಡೂವರೆ ಕ್ವಿಂಟಾಲ್ ಆದೀತು, ಇನ್ನೂ ತುಂಬುವ ಧೈರ್ಯ ಬೇಡ. ಆಮೇಲೆ ಮೊಣಕಾಲುದ್ದ ನೀರಲ್ಲಿ ಹಗ್ಗ ಕಟ್ಟಿ ಅರ್ಧ ತಾಸು ಬಿಟ್ಟು ಒಳಗೆ ಇಣುಕಿ. ಮೂರನೆಯದಾಗಿ ಮೋಟರ್.

ಕಾಗದಪತ್ರ ಮರೆಯಬೇಡಿ. ಮೋಟರ್ ದೋಣಿಗಳಿಗೆ 2021ರ ಒಳನಾಡು ಹಡಗುಗಳ ಕಾಯ್ದೆ ಇದೆ, 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದದ್ದು. ಜಲಾಶಯಗಳ ಮೀನು ಹಕ್ಕು ಸಹಕಾರ ಸಂಘಗಳಿಗೋ ಗುತ್ತಿಗೆಗೋ ಹೋಗಿರುತ್ತದೆ. ಮೀನುಗಾರಿಕೆ ಇಲಾಖೆಯಲ್ಲಿ, ಬಸವಸಾಗರವಾದರೆ ಕೃಷ್ಣಾ ಭಾಗ್ಯ ಜಲ ನಿಗಮದಲ್ಲೂ ಕೇಳಿಕೊಂಡೇ ಇಳಿಯಿರಿ. ಅಣೆಕಟ್ಟಿನ ಕೆಳಗಿನ ಹೊಳೆಗೆ ಮಳೆಗಾಲದಲ್ಲಿ ಹೋಗಲೇಬೇಡಿ. ನಾರಾಯಣಪುರದಿಂದ ನೀರು ಬಿಟ್ಟಾಗ ಕೃಷ್ಣೆಯ ನಡುಗಡ್ಡೆಯ ನೀಲಕಂಠರಾಯನಗಡ್ಡಿಯಂಥ ಊರೇ ದಡದ ಸಂಪರ್ಕ ಕಳೆದುಕೊಂಡದ್ದಿದೆ, 14 ಅಡಿಯ ದೋಣಿ ಯಾವ ಲೆಕ್ಕ? ಕೃಷ್ಣೆಯಲ್ಲಿ ಮೊಸಳೆಗಳೂ ಇವೆ. ಲೈಫ್ ಜಾಕೆಟ್ ಸೀಟಿನಡಿ ಅಲ್ಲ, ಮೈಮೇಲೆ.

ಮೊದಲ ಸವಾರಿ ಮುಗಿಸಿ ಬಂದ ದಿನವೇ ಬೋಲ್ಟುಗಳನ್ನೆಲ್ಲ ಇನ್ನೊಮ್ಮೆ ಬಿಗಿ ಮಾಡಿ, ನೆಲದ ಮುಚ್ಚಳ ತೆರೆದು ಕೆಳಗೆ ಒಣ ಬಟ್ಟೆ ಆಡಿಸಿ. ಬಟ್ಟೆ ಒದ್ದೆಯಾದರೆ ಎಲ್ಲಿಂದ ಎಂದು ಆಗಲೇ ಹುಡುಕಬೇಕು. ಆಮೇಲೆ ಹಿಂದಿನ ಪ್ಲಗ್ ತೆಗೆದು, ಮೂತಿ ಎತ್ತಿ, ನಡುವೆ ಬಿದಿರಿನ ಗಳ ಕೊಟ್ಟು ತಾಡಪತ್ರಿ ಹೊದಿಸಿ. ಎರಡೂ ತುದಿಯಲ್ಲಿ ಗಾಳಿಯಾಡಲು ಸಂದಿ ಇರಲಿ. ಅಡಿಯ ಮರದ ತುಂಡುಗಳಿಗೆ ವರ್ಷಕ್ಕೊಮ್ಮೆ ಗೆದ್ದಲಿನ ಎಣ್ಣೆ ಹಚ್ಚಿ.